ಅವಸರದ ಹಾಡು

ಹುಬ್ಬಳ್ಳಿಯಲ್ಲಿ ಹೊಸದಾಗಿ ಶುರುವಾದ ಹೋಟೆಲೊಂದರ ಗೋಡೆಗೆ ಹಳೆಯ ಗ್ರಾಮೋಫೋನ್ ರೆಕಾರ್ಡುಗಳನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಸೀದುಹೋದ ರೊಟ್ಟಿಗಳನ್ನು ಗೋಡೆಗೆ ಅಂಟಿಸಿದಂತೆ ಕಾಣುತ್ತದೆ. ಮೊನ್ನೆ ಅವುಗಳ ಕೆಳಗೆ ಕೂತು ಚಹಾ ಕುಡಿಯುತ್ತಿದ್ದಾಗ ಬಾಜೂ ಟೇಬಲಿನ ಹುಡುಗರು ಮಾತಾಡುವುದು ಕೇಳಿಸಿತು. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಬೇಕಂತೆ, ಹಳೆಯ ರಾಕ್ ಸಂಗೀತದ ಒಂದು ರೆಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಉಸಿರು ಬಿಡದೆ ಕೇಳಬೇಕಂತೆ, ಆಮೇಲೆ ಅದರ ಬಗ್ಗೆ ಚರ್ಚೆ ಮಾಡಬೇಕಂತೆ. ಲೋಕದಲ್ಲಿ ಈ ವಿಚಾರ ಮೊದಲು ಹೊಳೆದದ್ದು ತಮಗೇ ಎಂಬ ಹಿಗ್ಗು ಅವರ ಮುಖದ ಮೇಲಿತ್ತು.

ಎದ್ದು ಹೋಗಿ ಆ ಹುಡುಗರಿಗೆ ಎರಡು ಮಾತು ಹೇಳಬೇಕೆನಿಸಿತು. ಆದರೆ ಮುದುಕರ ಮಾತಿಗೆ ಹುಡುಗರು ತೋರಿಸುವ ತಾಳ್ಮೆ ಇದೆಯಲ್ಲ, ಅದಕ್ಕಿಂತ ಅವಮಾನ ಬೇರೊಂದಿಲ್ಲ. ಸುಮ್ಮನೆ ಚಹಾ ಮುಗಿಸಿ ಬಂದೆ. ಹೊಟ್ಟೆಯಲ್ಲಿ ಉಳಿದುಕೊಂಡ ಆ ಮಾತನ್ನು ನಿಮ್ಮ ಮುಂದೆ ಹೇಳುತ್ತೇನೆ, ನೀವು ಎದ್ದು ಹೋಗಲಾರಿರಿ ಎಂಬ ಧೈರ್ಯದ ಮೇಲೆ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮೂರು ಅಣ್ಣಿಗೇರಿ. ಸುತ್ತಲೂ ಎರೆಹೊಲ, ಹತ್ತಿ, ಕಡಲೆ, ಮೆಣಸಿನಕಾಯಿ. ನಾನು ಬಿ.ಎ. ಮುಗಿಸಿ ಬಿ.ಎಡ್. ಸೀಟಿನ ದಾರಿ ಕಾಯುತ್ತಿದ್ದೆ. ಕಾಯುವುದೆಂದರೆ ಮತ್ತೇನಿಲ್ಲ, ಬೆಳಿಗ್ಗೆ ಸ್ಟೇಶನ್ನಿಗೆ ಹೋಗಿ ಗದಗಿನ ಕಡೆಗೆ ಹೋಗುವ ಗಾಡಿ ನೋಡುವುದು, ಸಂಜೆ ಹೋಗಿ ಹುಬ್ಬಳ್ಳಿಯ ಕಡೆಗೆ ಹೋಗುವ ಗಾಡಿ ನೋಡುವುದು. ನಡುವಿನ ಹೊತ್ತಿನಲ್ಲಿ ನಾನು ವಿಚಾರವಂತನಾಗಿರುತ್ತಿದ್ದೆ.

ಇಂಥ ದಿನಗಳಲ್ಲಿ ಶಿವಾನಂದ ಮುಂಬಯಿಯಿಂದ ಮರಳಿ ಬಂದ. ಅವನು ಹತ್ತಿಯ ಅಡತಿ ವ್ಯಾಪಾರಿ ಬಸಣ್ಣ ಸಾವಕಾರರ ಒಬ್ಬನೇ ಮಗ. ವಕೀಲಿ ಓದಲು ಹೋದವನು ಪರೀಕ್ಷೆ ಬರುವ ಮೊದಲೇ ಯಾಕೆ ಬಂದ ಎಂದು ಯಾರೂ ಕೇಳಲಿಲ್ಲ. ಅವನ ಕೂದಲೇ ಉತ್ತರ ಕೊಡುತ್ತಿತ್ತು. ಹೆಗಲ ಮೇಲೆ ಬಿದ್ದ ಆ ಕೂದಲಿನ ಜೊತೆಗೆ ಅವನು ಇನ್ನೆರಡು ಸಾಮಾನು ತಂದಿದ್ದ. ಒಂದು, ಕೆಳಗೆ ಗಂಟೆಯಂತೆ ಅಗಲವಾದ ಪ್ಯಾಂಟು. ಮುಂಬಯಿಯ ಡಾಂಬರು ರಸ್ತೆಗೆ ಹೊಲಿದ ಆ ಪ್ಯಾಂಟು ಅಣ್ಣಿಗೇರಿಯ ಮೊದಲ ಮಳೆಗೇ ಎರೆಮಣ್ಣು ಹೊತ್ತು, ಎರಡೂ ಕಾಲಿಗೆ ಒಂದೊಂದು ಹೊಲ ಕಟ್ಟಿಕೊಂಡು ನಡೆಯುವವನಂತೆ ಅವನನ್ನು ಮಾಡಿಬಿಟ್ಟಿತು. ಇನ್ನೊಂದು, ಒಂದು ಇಂಗ್ಲಿಷ್ ರೆಕಾರ್ಡು.

ಅದರ ಹೆಸರು ಹೇಳುವುದಿಲ್ಲ. ಈಗ ಅದು ಪೂಜೆಗೆ ಕುಳಿತ ರೆಕಾರ್ಡಂತೆ. ಹೆಸರು ಹೇಳಿದರೆ ಅದರ ಭಕ್ತರು ನನ್ನ ಮೈಮೇಲೆ ಬರುತ್ತಾರೆ. ದೊಡ್ಡ ತಟ್ಟೆ, ಮೇಲೊಂದು ರಟ್ಟಿನ ಚೀಲ. ಚೀಲದ ಮೇಲೆ ಒಣಗಿದ ಹೊಲವೊಂದರಲ್ಲಿ ನಾಲ್ಕು ಮಂದಿ ಉದ್ದ ಕೂದಲಿನವರು ನಮಗೆ ಬೆನ್ನು ತಿರುಗಿಸಿ ನಿಂತ ಚಿತ್ರ. ಶಿವಾನಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತ, "ಮುಂಬೈದಾಗ ನಾವು ಗೆಳೆಯರು ಕೂಡಿ ಇದನ್ನ ದಿನಾ ಕೇಳ್ತಿದ್ವಿ. ಕೇಳಿ ಡಿಸ್ಕಶನ್ ಮಾಡ್ತಿದ್ವಿ. ನಿಮಗ ತಿಳೀದಿಲ್ಲ ಇದು, ಆದ್ರ ನಾ ತಿಳಿಸ್ತೀನಿ" ಎಂದ. ನಮಗೆ ತಿಳಿಯುವುದಿಲ್ಲ ಎಂದು ಇಷ್ಟು ಪ್ರೀತಿಯಿಂದ ಅಂದವರು ಬೇರೆ ಯಾರೂ ಇರಲಿಲ್ಲ. ಹೋದೆವು.

ಹೋದವರು ಮೂವರು. ನಾನು, ಮಲ್ಲೇಶಿ, ಪರಶುರಾಮ. ಮಲ್ಲೇಶಿ ಹೊಲಮನೆ ಚೆನ್ನಾಗಿದ್ದ ರೈತನ ಮಗ, ಆಳು ದೊಡ್ಡವನು, ಯಾರು ಕೊನೆಗೆ ಮಾತಾಡಿದರೋ ಅವರದು ಸರಿ ಎಂದು ನಂಬುವವನು. ಪರಶುರಾಮ ಊರಿನ ಪ್ರಾಥಮಿಕ ಶಾಲೆಯ ಮಾಸ್ತರ, ದಲಿತ ಕೇರಿಯ ಬೌದ್ಧರ ಮನೆತನದವನು, ನಮ್ಮೆಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಓದುತ್ತಿದ್ದ. ರಟ್ಟಿನ ಹಿಂದಿನ ಬರಹ ಓದಿ ಹೇಳುವುದಕ್ಕೆ ಅವನು ಬೇಕಾಗಿದ್ದ. ಸಾವಕಾರರ ಮಾಳಿಗೆಯ ಖೋಲಿಗೆ ಹೊರಗಿನಿಂದಲೇ ಪಾವಟಿಗೆಗಳಿದ್ದವು, ಒಳಮನೆ ದಾಟುವ ಪ್ರಸಂಗವಿರಲಿಲ್ಲ. ಹೀಗಾಗಿ ಪರಶುರಾಮನನ್ನು ಕರೆಯುವುದಕ್ಕೆ ಯಾರಿಗೂ ತ್ರಾಸಾಗಲಿಲ್ಲ. ಈ ಅನುಕೂಲವನ್ನು ಶಿವಾನಂದ ಕ್ರಾಂತಿ ಎಂದು ಕರೆಯುತ್ತಿದ್ದ.

ನಾನು ಯಾಕೆ ಹೋದೆ ಎಂದು ಕೇಳಿದರೆ, ಸಂಗೀತಕ್ಕಾಗಿ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಶಿವಾನಂದನ ತಾಯಿ ಪ್ರತಿ ರವಿವಾರ ಮಧ್ಯಾಹ್ನ ಮಿರ್ಚಿ ಭಜಿ ಕರಿದು ಮೇಲೆ ಕಳಿಸುತ್ತಿದ್ದರು. ಈಗ ನೀವೇ ತಿಳಿದುಕೊಳ್ಳಿರಿ.

ರೆಕಾರ್ಡು ಹಾಕುವ ಯಂತ್ರವನ್ನು ಸಾವಕಾರರು ಮಗಳ ಲಗ್ನದ ಹೊತ್ತಿಗೆ ಹುಬ್ಬಳ್ಳಿಯಿಂದ ತಂದಿದ್ದರು. ಅದರ ಜೊತೆಗೆ ಸಿನಿಮಾ ಹಾಡುಗಳ ಒಂದಿಷ್ಟು ಸಣ್ಣ ಸಣ್ಣ ಪ್ಲೇಟುಗಳು. ಯಂತ್ರದ ಬದಿಗೆ ಒಂದು ಚಿಕ್ಕ ಕಡ್ಡಿ ಇತ್ತು. ಅಂಗಡಿಯವನು ಅದನ್ನು ಒಂದು ಕಡೆ ಸರಿಸಿ, ಇದನ್ನು ಮುಟ್ಟಬೇಡಿರಿ ಎಂದು ಹೇಳಿ ಕಳಿಸಿದ್ದನಂತೆ. ಸಾವಕಾರರು ಆ ಮಾತನ್ನು ಮನೆಮಂದಿಗೆಲ್ಲ ದಾಟಿಸಿದ್ದರು. ಮುಂಬಯಿಯ ಕ್ರಾಂತಿಕಾರನೂ ಅದನ್ನು ಮುಟ್ಟಲಿಲ್ಲ.

ಮೊದಲ ರವಿವಾರ ನಮಗೆ ಕೇಳಿಸಿದ್ದನ್ನು ಹೇಗೆ ಹೇಳಲಿ. ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡುವ ವಾದ್ಯಗಳು, ಅವುಗಳ ಮೇಲೆ ಸಣ್ಣನೆಯ ಒಂದು ದನಿ ಕೀಚುಗುಟ್ಟುತ್ತ ಓಡುತ್ತಿತ್ತು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಹೆಗಲು ಹತ್ತುತ್ತಿತ್ತು. ಒಂದು ಮಗ್ಗಲು ಮುಗಿದಾಗ ಯಾರೋ ನಮ್ಮನ್ನು ಬೈದು ಬಾಗಿಲು ಹಾಕಿಕೊಂಡಂತಾಯಿತು. ಕೆಳಗಿನ ಅಂಗಡಿಯಿಂದ ಸಾವಕಾರರು ಕೇಳಿದರು, "ಮುಗೀತೇನೋ ಆ ಬೆಕ್ಕಿನ ಜಗಳ? ಇಲ್ಲಿ ಗಿರಾಕಿ ಮಾತು ಕೇಳವಲ್ದು."

ಶಿವಾನಂದ ಕಣ್ಣು ಮುಚ್ಚಿಯೇ ಇದ್ದ. ಆಮೇಲೆ ಕಣ್ಣು ತೆರೆದು, "ಈಗ ಡಿಸ್ಕಶನ್" ಎಂದ.

ಪರಶುರಾಮ ಸರಳವಾಗಿ ಹೇಳಿದ, "ನನಗ ಒಂದು ಶಬ್ದಾನೂ ಹತ್ತಲಿಲ್ಲ."

"ಹತ್ತಬಾರದು," ಎಂದ ಶಿವಾನಂದ. "ತಿಳೀತಂದ್ರ ಅದು ಕಲಾ ಅಲ್ಲ."

"ಹಂಗಾದ್ರ ಡಿಸ್ಕಶನ್ ಯಾತರದ ಮ್ಯಾಲ ಮಾಡೂದು?"

"ತಿಳೀದಿದ್ದರ ಮ್ಯಾಲ."

ಮಲ್ಲೇಶಿ ತಲೆಯಾಡಿಸಿ, "ಖರೇ ಐತಿ" ಎಂದ. ಹೀಗೆ ನಮ್ಮ ಸಂಘ ಹುಟ್ಟಿತು.

ಆ ದಿನಗಳಲ್ಲಿ ನಮ್ಮೂರ ಪಂಚಾಯಿತಿ ಕಟ್ಟೆಯ ಮೇಲೆ ಒಂದು ರೇಡಿಯೋ ಇತ್ತು. ಸಂಜೆ ಹೊಲದಿಂದ ಬಂದವರು ಅದರ ಮುಂದೆ ಕೂತು ಪೇಟೆ ಧಾರಣೆ ಕೇಳುತ್ತಿದ್ದರು, ಹವಾಮಾನ ಕೇಳುತ್ತಿದ್ದರು, ಒಂದೆರಡು ಹಾಡು ಬಂದರೆ ಅದನ್ನೂ ಕೇಳಿ, ಧೋತರ ಕೊಡವಿ ಎದ್ದು ಮನೆಗೆ ಹೋಗುತ್ತಿದ್ದರು. ಯಾರೂ ಹಾಡಿನ ಮೇಲೆ ಚರ್ಚೆ ಮಾಡಿದ್ದು ನನಗೆ ನೆನಪಿಲ್ಲ. ಹಾಡು ಚೆನ್ನಾಗಿದ್ದರೆ ಮರುದಿನ ನೇಗಿಲ ಹಿಂದೆ ಅದೇ ಹಾಡು ಅವರ ಬಾಯಲ್ಲಿರುತ್ತಿತ್ತು, ಅಷ್ಟೇ. ನಾವು ಅವರನ್ನು ಬಹಳ ಹೀನಾಯವಾಗಿ ಕಾಣುತ್ತಿದ್ದೆವು. ನಮ್ಮ ಬಾಯಲ್ಲಿ ಒಂದು ಹಾಡೂ ಉಳಿಯುತ್ತಿರಲಿಲ್ಲ, ಬರೀ ಅಭಿಪ್ರಾಯಗಳು ಉಳಿಯುತ್ತಿದ್ದವು.

ಮತ್ತು ಏನು ಅಭಿಪ್ರಾಯಗಳು ಅಂತೀರಿ. ಆ ಸಣ್ಣ ದನಿ ಹೆಣ್ಣಿನದು ಎಂದು ಮೊದಲು ಹೇಳಿದವನು ಮಲ್ಲೇಶಿ. ಶಿವಾನಂದ ಒಂದು ಗಳಿಗೆ ತಡೆದು, "ಮತ್ತ ನಾ ಏನ್ ಹೇಳಿದ್ದೆ?" ಎಂದ. ಅವನೇನೂ ಹೇಳಿರಲಿಲ್ಲ. ರಟ್ಟಿನ ಹಿಂದೆಯೂ ಹಾಡುಗಳ ಹೆಸರಿತ್ತೇ ಹೊರತು ಹಾಡಿದವರದಿರಲಿಲ್ಲ. ಆದರೆ ಅಂದಿನಿಂದ ಹಾಡುವವಳು ಹೆಣ್ಣುಮಗಳು ಎಂಬುದು ನಿಕ್ಕಿಯಾಯಿತು. ಚಿತ್ರದಲ್ಲಿ ಬೆನ್ನು ತಿರುಗಿಸಿ ನಿಂತ ನಾಲ್ವರಲ್ಲಿ ಅವಳು ಯಾರು ಎಂದು ಇಡೀ ಒಂದು ರವಿವಾರ ಚರ್ಚೆಯಾಗಿ, ಸೊಂಟ ಸಣ್ಣಗಿದ್ದ ಕಾರಣಕ್ಕೆ ಎಡಗಡೆಯಿಂದ ಮೂರನೆಯವಳು ಎಂದು ತೀರ್ಮಾನವಾಯಿತು. ಮಲ್ಲೇಶಿ ಮುಂದೆ ಬಹಳ ದಿನ ಆ ಬೆನ್ನನ್ನೇ ನೋಡುತ್ತ ಕೂರುತ್ತಿದ್ದ. "ಈಕಿ ಬಾಳ ನೊಂದಾಳ" ಎನ್ನುತ್ತಿದ್ದ. ಶಿವಾನಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂಬಯಿಯಲ್ಲಿ ಅವಳ ಮುಖದ ಫೋಟೋ ನೋಡಿದ್ದೇನೆ ಎಂದ.

ನನ್ನ ಕಾಣಿಕೆಯೂ ಸಣ್ಣದಲ್ಲ. ಆಗ ಕನ್ನಡದ ಪತ್ರಿಕೆಗಳಲ್ಲಿ ಅನಾಥಪ್ರಜ್ಞೆ ಎಂಬ ಶಬ್ದ ಓಡಾಡುತ್ತಿತ್ತು. ಎರಡೂ ಹೊತ್ತು ತಾಯಿಯ ಕೈಯಿಂದ ರೊಟ್ಟಿ ತಿಂದು, ತಂದೆಯ ದುಡಿಮೆಯಲ್ಲಿ ಗಾಡಿ ನೋಡಿಕೊಂಡಿದ್ದ ನನಗೆ ಆ ಶಬ್ದ ತುಂಬಾ ಹಿಡಿಸಿತ್ತು. "ಈ ವೇಗ ಇದೆಯಲ್ಲ, ಇದು ಯಂತ್ರನಾಗರಿಕತೆಯ ವೇಗ. ಈ ಅವಸರದಲ್ಲಿ ಮನುಷ್ಯನ ಅನಾಥಪ್ರಜ್ಞೆ ಕೂಗಿಕೊಳ್ಳುತ್ತಿದೆ" ಎಂದೆ. ಪುಸ್ತಕದ ಕನ್ನಡದಲ್ಲೇ ಅಂದೆ, ಅಣ್ಣಿಗೇರಿಯ ಮಾತಿನಲ್ಲಿ ಇಂಥದ್ದನ್ನು ಹೇಳಲು ಬರುವುದಿಲ್ಲ. ಶಿವಾನಂದ ತಲೆದೂಗಿದ. ನನಗೆ ಇನ್ನೊಂದು ಭಜಿ ಸಿಕ್ಕಿತು. ಪರಶುರಾಮ ಮಾತ್ರ ನನ್ನನ್ನು ಒಂದು ಥರ ನೋಡಿ, "ನೀ ಯಾವಾಗ ಅನಾಥ ಆದ್ಯೋ ಮಾರಾಯಾ?" ಎಂದ.

ಹೀಗೆ ಮಳೆಗಾಲ ಹೋಗಿ ಚಳಿಗಾಲ ಬಂತು. ಕೆಳಗೆ ಸಾವಕಾರರ ಅಂಗಡಿಗೆ ಹತ್ತಿ ತುಂಬಿದ ದೊಡ್ಡ ಚೀಲಗಳು, ಅಂಡಗಿಗಳು, ಬಂದು ಬೀಳತೊಡಗಿದವು. ಅದೇ ಹೊತ್ತಿಗೆ ಶಿವಾನಂದನಿಗೆ ಹೆಣ್ಣು ನೋಡಿದರು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯ ಮಗಳು ಸುಮಂಗಲಾ, ಬಿ.ಎಸ್ಸಿ. ಓದುತ್ತಿದ್ದಳು. ಸಾವಕಾರರ ಮನೆಯವರು ಹೋಗಿ ಹುಡುಗಿಯನ್ನು ನೋಡಿ ಮೆಚ್ಚಿ ಬಂದಿದ್ದರು. ಇನ್ನು ಆ ಕಡೆಯವರು ಮನೆ ನೋಡಲು ಬರಬೇಕು. ಸಾಮಾನ್ಯವಾಗಿ ಇದಕ್ಕೆ ಹಿರಿಯರು ಬರುತ್ತಾರೆ. ಆದರೆ ಹುಡುಗಿಯ ಸೋದರತ್ತೆ ಜೋರಿನ ಹೆಂಗಸು. ನಮ್ಮೂರ ಅಮೃತೇಶ್ವರನ ಗುಡಿಗೆ ಹೋಗಿ ಬರುವ ನೆವ ಮಾಡಿ ಹುಡುಗಿಯನ್ನೂ ಕರೆತರುತ್ತಾರೆಂದು ಸುದ್ದಿ ಬಂತು.

ಶಿವಾನಂದ ನಮ್ಮನ್ನು ಕರೆದು, "ರವಿವಾರ ಎಲ್ಲಾರೂ ಬರ್ರಿ. ಆಕಿಗೆ ತಿಳೀಬೇಕು ನಾವು ಎಂಥಾ ಮಂದಿ ಅಂತ" ಎಂದ. ಅವನು ಅಷ್ಟು ಕಳವಳಪಟ್ಟದ್ದನ್ನು ನಾನು ನೋಡಿರಲಿಲ್ಲ. ಖೋಲಿಗೆ ಸುಣ್ಣ ಹೊಡೆಸಿದ್ದ, ಗಾದಿಗೆ ಹೊಸ ಹಾಸು ಹಾಸಿದ್ದ. ಹುಡುಗಿಯ ಫೋಟೋ ನೋಡಿದ ದಿನದಿಂದ ಅವನು ಅಡತಿ ಅಂಗಡಿಗೂ ಹೋಗಿ ಕೂರುತ್ತಿದ್ದನಂತೆ. ಸಾವಕಾರರಿಗೆ ಅದೇ ದೊಡ್ಡ ಆಸೆ: ಈ ಲಗ್ನವಾದರೆ ಮಗ ದಾರಿಗೆ ಬರುತ್ತಾನೆ, ಕೂದಲೂ ಇಳಿಯಬಹುದು.

ಬಂದರು. ಕೆಳಗೆ ಫರಾಳ, ಚಹಾ ಆಯಿತು. ಸೋದರತ್ತೆಯ ಕೂಡ ಹುಡುಗಿ ಮಾಳಿಗೆಗೆ ಬಂದು ಗಾದಿಯ ತುದಿಗೆ ಕೂತಳು. ತೆಳ್ಳಗಿನ ಎತ್ತರದ ಹುಡುಗಿ, ಕನ್ನಡಕ. ನೆಲ ನೋಡುವ ಬದಲು ಖೋಲಿಯನ್ನೇ ನೋಡುತ್ತಿದ್ದಳು. ಮಲ್ಲೇಶಿ ಬಾಗಿಲ ಬಳಿ, ಪರಶುರಾಮ ಗೋಡೆಗೆ ಆತುಕೊಂಡು, ನಾನು ಕಿಟಕಿಯ ಬಾಜು.

ಶಿವಾನಂದ ಭಾಷಣ ಮಾಡಿದ. ನಾವು ಪ್ರತಿ ರವಿವಾರ ಸೇರುತ್ತೇವೆ, ಕೇಳುತ್ತೇವೆ, ವಿಚಾರ ಮಾಡುತ್ತೇವೆ ಎಂದ. ಹಾಡುವ ಹೆಣ್ಣುಮಗಳ ನೋವನ್ನು ಹೇಳಿದ. ನನ್ನ ಯಂತ್ರನಾಗರಿಕತೆಯನ್ನೂ ಹೇಳಿದ, ಆದರೆ ತನ್ನದೇ ಎಂಬಂತೆ ಹೇಳಿದ. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಆಮೇಲೆ ರೆಕಾರ್ಡು ಹಾಕಿ ಮುಳ್ಳು ಇಟ್ಟ.

ಕೀಚು ಕೀಚು ಶುರುವಾಯಿತು. ಸೋದರತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಹುಡುಗಿ ಸ್ವಲ್ಪ ಹೊತ್ತು ಕೇಳಿದಳು. ಯಂತ್ರ ನೋಡಿದಳು. ಮತ್ತೆ ನಮ್ಮೆಲ್ಲರ ಮುಖ ನೋಡಿದಳು. ನಾವು ನಾಲ್ವರೂ ಗಂಭೀರವಾಗಿ ಕೂತಿದ್ದೆವು.

"ಇದನ್ನ ಯಾವಾಗಲೂ ಹಿಂಗ ಕೇಳ್ತೀರೇನ್ರಿ?" ಎಂದಳು.

"ಹೌದು," ಎಂದ ಶಿವಾನಂದ.

"ಇಷ್ಟು ಅವಸರದಾಗ?"

"ಅದರ ಅರ್ಥಾನ ಅವಸರದ್ದು," ಎಂದ.

"ಅಲ್ರಿ, ಇದು ನಿಮಿಷಕ್ಕ ಮೂವತ್ಮೂರು ಸುತ್ತು ತಿರುಗೂ ಪ್ಲೇಟು. ನೀವು ಸಣ್ಣ ಪ್ಲೇಟಿನ ನಲವತ್ತೈದಕ್ಕ ಇಟ್ಟೀರಿ. ನಡುವಿನ ಚೀಟಿ ಮ್ಯಾಲ ಬರದಿರ್ತಾರ ನೋಡ್ರಿ. ನಮ್ಮ ಮನ್ಯಾಗೂ ಹಿಂಥಾ ಮಷಿನ್ನ ಐತಿ." ಹೀಗೆಂದು ಎದ್ದು ಬಂದು, ಸಾವಕಾರರ ಮನೆಯಲ್ಲಿ ಯಾರೂ ಮುಟ್ಟದ ಆ ಕಡ್ಡಿಯನ್ನು ಒಂದು ಗುರುತಿನಷ್ಟು ಹಿಂದಕ್ಕೆ ಸರಿಸಿ, ಮುಳ್ಳು ಎತ್ತಿ ಮೊದಲಿಗೆ ಇಟ್ಟಳು.

ಎಷ್ಟೋ ತಿಂಗಳಿಂದ ಆ ರೆಕಾರ್ಡಿನ ಬೆನ್ನಿನ ಅರ್ಥ, ಹೊಲದ ಅರ್ಥ, ಕೂದಲಿನ ಅರ್ಥ ಎಲ್ಲ ಓದಿದ್ದೆವು. ನಡುವಿನ ಚೀಟಿಯ ಮೇಲಿನ ಸಣ್ಣ ಅಂಕಿಯೊಂದನ್ನು ಓದಿರಲಿಲ್ಲ.

ಈಗ ಕೇಳಿಸಿದ್ದೇ ಬೇರೆ. ಒಂದು ತಂತಿವಾದ್ಯ ನಿಧಾನವಾಗಿ, ನೀರು ಸೇದುವ ಹಗ್ಗ ಬಾವಿಗೆ ಇಳಿದ ಹಾಗೆ ಇಳಿಯಿತು. ಅದರ ಹಿಂದೆ ಒಂದು ದನಿ ಬಂತು, ಗಂಡಸಿನದು, ದಪ್ಪನೆಯದು, ದಣಿದದ್ದು. ಅವನಿಗೆ ಯಾವ ಅವಸರವೂ ಇರಲಿಲ್ಲ. ಒಂದು ಮಾತು ಹೇಳಿ, ಅದು ನಮ್ಮ ಹತ್ತಿರ ಮುಟ್ಟುವ ತನಕ ಕಾಯ್ದು, ಇನ್ನೊಂದು ಹೇಳುತ್ತಿದ್ದ. ಮೊದಲ ಸಲ ನಮಗೆ ಶಬ್ದಗಳು ಹತ್ತಿದವು. ತಂಗಿಗೆ ಏನೋ ಹೇಳುತ್ತಿದ್ದ, ಚಳಿಗಾಲದ ಬಗ್ಗೆ, ಮಾರಿಹೋದ ಹೊಲದ ಬಗ್ಗೆ. ನನ್ನ ಮೈಮೇಲೆ ಮುಳ್ಳೆದ್ದವು. ಯಾರ ಮುಖವನ್ನೂ ನೋಡುವ ಧೈರ್ಯವಾಗದೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಕೆಳಗೆ ಅಂಡಗಿ ಇಳಿಸುವವರು ಕೂಡ ಕೆಲಸ ನಿಲ್ಲಿಸಿ ಮೇಲೆ ನೋಡಿದರು.

ಆಗ ಶಿವಾನಂದನ ಬಾಯಿಂದ ಒಂದು ಮಾತು ಜಾರಿತು. "ಇದು ಯಾರ ದನಿ?" ಎಂದ.

ಅಷ್ಟು ಸಾಕಾಯಿತು. ಮುಂಬಯಿಯ ಗೆಳೆಯರು, ದಿನದ ಚರ್ಚೆ, ಹೆಣ್ಣುಮಗಳ ಮುಖದ ಫೋಟೋ, ಎಲ್ಲ ಆ ಒಂದು ಮಾತಿನಲ್ಲಿ ಬಿದ್ದುಹೋದವು. ಅವನು ಆ ರೆಕಾರ್ಡನ್ನು ಮುಂಬಯಿಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಚಿತ್ರ ನೋಡಿ ಯಾವುದೋ ಫುಟ್‌ಪಾತಿನ ಮೇಲೆ ಕೊಂಡು ತಂದಿದ್ದ.

ಪರಶುರಾಮ ನಕ್ಕುಬಿಟ್ಟ. ಕುಹಕದ ನಗೆಯಲ್ಲ, ಕಳೆದ ವಸ್ತು ಸಿಕ್ಕಾಗ ಮನುಷ್ಯ ನಗುವ ನಗೆ. ಹುಡುಗಿಯೂ ನಕ್ಕಳು. ಆ ಗಳಿಗೆಯಲ್ಲಿ ಶಿವಾನಂದ ತಾನೂ ನಕ್ಕಿದ್ದರೆ ಈ ಕಥೆ ಲಗ್ನದ ಊಟದಲ್ಲಿ ಮುಗಿಯುತ್ತಿತ್ತು. ಅವನು ನಗಲಿಲ್ಲ. ಎದ್ದು ಬಂದ. ಕಡ್ಡಿಯನ್ನು ಮೊದಲಿನ ಕಡೆಗೆ ಸರಿಸಿದ. ಆ ದಣಿದ ಗಂಡಸು ಹಾಡುತ್ತ ಹಾಡುತ್ತಲೇ ಮತ್ತೆ ಬೆಕ್ಕಾದ.

"ಅದು ಕಂಪನಿಯವರು ಇಟ್ಟ ಸ್ಪೀಡು. ನಾವು ಕೇಳೂದು ನಮ್ಮ ಸ್ಪೀಡಿನಾಗ," ಎಂದ.

ಹುಡುಗಿ ಅವನನ್ನು ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದಳು, "ನಿಮಗೆಲ್ಲಾ ಯಾವುದು ಛಲೋ ಅನಸ್ತ್ರಿ?"

"ನೀವು ಹಚ್ಚಿದ್ದು," ಎಂದ ಪರಶುರಾಮ.

"ಶಿವಾನಂದಣ್ಣ ಹೇಳಿದ್ದ ಖರೇ ಐತ್ರಿ," ಎಂದ ಮಲ್ಲೇಶಿ. ಪಾಪ, ಅವನ ಮೂರನೆಯವಳು ಆಗಷ್ಟೇ ಗಂಡಸಾಗಿದ್ದಳು. ಅವಳನ್ನು ಉಳಿಸಿಕೊಳ್ಳಲು ಅವನಿಗೆ ಬೇರೆ ದಾರಿ ಇರಲಿಲ್ಲ.

ನಾನು ತಲೆ ಅಲ್ಲಾಡಿಸಿದೆ. ಹೌದೆಂದೂ ಅಲ್ಲವೆಂದೂ ಓದಿಕೊಳ್ಳಲು ಬರುವ ಹಾಗೆ. ಮುಂದೆ ಜೀವನದಲ್ಲಿ ಬಹಳ ಸಭೆಗಳಲ್ಲಿ ಉಪಯೋಗಕ್ಕೆ ಬಂದ ವಿದ್ಯೆ ಅದು. ಮೊದಲ ಪ್ರಯೋಗ ಅಲ್ಲಿಯೇ ಆಯಿತು.

ಸೋದರತ್ತೆ ಎದ್ದು, "ಗಾಡಿ ಹೊತ್ತಾತು. ಹೋಗೂಣು ನಡಿ ಸುಮಾ" ಎಂದರು.

ಒಂದು ವಾರದೊಳಗೆ ಹುಬ್ಬಳ್ಳಿಯಿಂದ ಮಾತು ಬಂತು: ಹುಡುಗಿ ಇನ್ನೂ ಓದುತ್ತಾಳಂತೆ, ಈಗ ಲಗ್ನದ ವಿಚಾರ ಬೇಡವಂತೆ. ಸಾವಕಾರರು ಆ ದಿನ ಅಂಗಡಿಯನ್ನು ಹೊತ್ತಿಗೆ ಮೊದಲೇ ಮುಚ್ಚಿದರು. ಸಂಜೆ ಮಗನನ್ನು ಕರೆದು, "ಏನ್ ಮಾಡಿದಿ ಆ ಹುಡುಗಿಗೆ?" ಎಂದರು. "ಹಾಡು ಕೇಳಿಸಿದೆ," ಎಂದ. "ಅದ ಅಂದ್ಕೊಂಡಿದ್ದೆ," ಎಂದರು ಸಾವಕಾರರು.

ಪರಶುರಾಮ ಮುಂದಿನ ರವಿವಾರದಿಂದ ಬರಲಿಲ್ಲ. ಶಿವಾನಂದ ಕರೆಯಲೂ ಇಲ್ಲ, ಕ್ರಾಂತಿ ಅಲ್ಲಿಗೆ ಮುಗಿಯಿತು. ಒಮ್ಮೆ ಶಾಲೆಯ ಹತ್ತಿರ ಸಿಕ್ಕಾಗ ಯಾಕೆ ಬರುವುದಿಲ್ಲ ಎಂದು ಕೇಳಿದೆ. "ಬರ್ತಿದ್ದೆ. ಆ ಹಾಡು ಹಚ್ಚಿದ್ರ ಬರ್ತಿದ್ದೆ," ಎಂದು ಮಕ್ಕಳನ್ನು ಸಾಲು ನಿಲ್ಲಿಸಲು ಹೋದ.

ನಾನು, ಮಲ್ಲೇಶಿ ಇನ್ನೂ ಕೆಲವು ವಾರ ಹೋದೆವು. ನಂಬುತ್ತೀರೋ ಬಿಡುತ್ತೀರೋ, ಅದೇ ಓಟದಲ್ಲೇ ಕೇಳಿದೆವು. ಕಡ್ಡಿ ಕಣ್ಣೆದುರಿಗೆ ಇತ್ತು. ಯಾರೂ ಅದರ ಕಡೆ ನೋಡಲಿಲ್ಲ. ಚರ್ಚೆಯೂ ಮಾಡಿದೆವು. ನಾನು ಅನಾಥಪ್ರಜ್ಞೆ ಬಿಟ್ಟು ಅಸ್ತಿತ್ವದ ತಳಮಳಕ್ಕೆ ಬಂದಿದ್ದೆ. ಭಜಿ ಬರುವುದು ನಿಂತಿತ್ತು, ಆದರೂ ಹೋದೆವು. ಮನುಷ್ಯ ತಾನು ಸುಳ್ಳೆಂದು ತಿಳಿದದ್ದಕ್ಕೆ ತೋರಿಸುವ ನಿಷ್ಠೆ ಇದೆಯಲ್ಲ, ಅದು ಖರೆಯದರ ಪಾಲಿಗೆ ಎಂದೂ ಬರುವುದಿಲ್ಲ. ಆಮೇಲೆ ನನಗೆ ಬಿ.ಎಡ್. ಸೀಟು ಸಿಕ್ಕಿತು. ಶಿವಾನಂದನಿಗೆ ರೋಣದ ಕಡೆಯ ಹೆಣ್ಣು ತಂದರು. ಕೂದಲು ಕತ್ತರಿಸಿ ಅಂಗಡಿಯಲ್ಲಿ ಕೂತ. ಹತ್ತಿಯನ್ನು ಮುಟ್ಟಿ ನೋಡಿ ಬೆಲೆ ಹೇಳುವುದರಲ್ಲಿ ತಂದೆಯನ್ನೇ ಮೀರಿಸಿದ ಎಂದು ಜನ ಹೇಳುತ್ತಾರೆ. ಆ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಲಿಲ್ಲವಂತೆ.

ನನಗೆ ಕುಂದಗೋಳದ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನೌಕರಿಯಾಯಿತು. ದಶಕ ಮುಗಿಯುತ್ತ ಬಂದಿತ್ತು. ಒಂದು ಜೂನ್ ತಿಂಗಳಲ್ಲಿ ವಿಜ್ಞಾನ ಕಲಿಸಲು ಹೊಸ ಅಕ್ಕೋರು ಬಂದರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಹಾಗೆ ಕರೆಯುತ್ತಾರೆ. ಅವರು ಸ್ಟಾಫ್ ರೂಮಿನ ಹೊರಗೆ ಚಪ್ಪಲಿ ಬಿಡುವಾಗಲೇ ನನಗೆ ಗುರುತು ಹತ್ತಿತು. ಎತ್ತರ, ಕನ್ನಡಕ, ಒಳಗೆ ಬಂದು ನೆಲದ ಬದಲು ಖೋಲಿಯನ್ನು ನೋಡುವ ರೀತಿ. ಸುಮಂಗಲಾ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಶಿವಾನಂದನನ್ನು ನೋಡಿ ಹೆಗಲ ತನಕ ಬಿಟ್ಟಿದ್ದ ನನ್ನ ಕೂದಲು ಆಗ ಕಿವಿಯ ಮೇಲೆ ಮಾತ್ರ ಉಳಿದಿತ್ತು. ಮೊದಲು ಬದುಕಿಕೊಂಡೆ ಎನಿಸಿತು. ಕೆಲವು ದಿನ ಕಳೆದ ಮೇಲೆ ಸ್ವಲ್ಪ ಬೇಸರವೂ ಆಯಿತು. ಅಷ್ಟು ವಿಚಾರವಂತನಾಗಿ ಕೂತಿದ್ದವನನ್ನು ಇವರು ಹೇಗೆ ಮರೆತರು?

ಒಂದು ದಿನ ಊಟದ ಬಿಡುವಿನಲ್ಲಿ ಹೊರಗೆ ಜಿಟಿಜಿಟಿ ಮಳೆ. ಡ್ರಾಯಿಂಗ್ ಮಾಸ್ತರರು ಟ್ರಾನ್ಸಿಸ್ಟರ್ ತಿರುವುತ್ತಿದ್ದಾಗ ಯಾವುದೋ ಇಂಗ್ಲಿಷ್ ಹಾಡು ಬಂತು. "ಏನ್ ಚೀರತಾರ್ರೀ ಇವರು," ಎಂದು ಅವರು ಅದನ್ನು ಬಂದ್ ಮಾಡಿದರು. ಸುಮಂಗಲಾ ಅಕ್ಕೋರು ನಕ್ಕು, "ನನ್ನ ಒಂದು ಲಗ್ನ ಇದರಿಂದನ ತಪ್ಪಿತ್ರಿ" ಎಂದರು. ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಂಡರು.

ಇಡೀ ಪ್ರಸಂಗ ಹೇಳಿದರು. ಬಹಳ ಚೆನ್ನಾಗಿ ಹೇಳಿದರು. ಸಾವಕಾರರ ಮನೆಯ ಹೊಸ ಸುಣ್ಣದ ವಾಸನೆ, ಭಾಷಣ, ಬೆಕ್ಕಿನ ದನಿ, ಅದನ್ನು ಕೇಳುತ್ತ ದೇವರ ಮುಂದೆ ಕೂತವರಂತೆ ಕೂತ ಮಂದಿ. ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿಯೇ.

"ಅಲ್ರಿ ಅಕ್ಕೋರ, ಒಂದು ಕಡ್ಡಿ ತಪ್ಪಿಟ್ಟಿದ್ದಕ್ಕ ವರಾ ಬ್ಯಾಡ ಅಂದ್ರೇನು?" ಎಂದು ಡ್ರಾಯಿಂಗ್ ಮಾಸ್ತರರು ಕೇಳಿದರು.

"ತಪ್ಪು ಯಾರಿಗಾದ್ರೂ ಆಗ್ತೈತ್ರಿ. ಅದಕ್ಕಲ್ಲ." ಅವರ ನಗು ನಿಂತಿತು. "ನಾ ಹಾಡು ಸರಿ ಮಾಡಿ ಹಚ್ಚಿದಾಗ ಅವರ ಕಣ್ಣಾಗ ನೀರು ಬಂದಿತ್ರಿ. ನಾ ನೋಡೀನಿ. ಅಷ್ಟು ಮನಸ್ಸಿಗೆ ಹತ್ತಿತ್ತು ಅವರಿಗೆ. ಕಣ್ಣಾಗ ನೀರು ಇದ್ದಾಂಗನ ಕೈ ಚಾಚಿ ಅದನ್ನ ಹಿಂದಕ್ಕ ತಿರುವಿದ್ರು. ಅಂಥವರ ಜೋಡಿ ಹೆಂಗ ಸಂಸಾರ ಮಾಡೂದು ಹೇಳ್ರಿ."

ನಾನು ಆ ನೀರನ್ನು ನೋಡಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದೆ.

"ಮತ್ತ ಅಲ್ಲಿದ್ದ ಗೆಳ್ಯಾರು?" ಎಂದು ಇನ್ನೊಬ್ಬ ಮಾಸ್ತರರು ಕೇಳಿದರು.

"ಒಬ್ಬರು ಮನಸಾರೆ ನಕ್ಕರು, ಅವರ ಮಾರಿ ನೆನಪೈತಿ. ಉಳಿದವರು ಇದ್ರು ನೋಡ್ರಿ. ಇದ್ರು, ಅಷ್ಟ."

ಡ್ರಾಯಿಂಗ್ ಮಾಸ್ತರರು ಟ್ರಾನ್ಸಿಸ್ಟರನ್ನು ಚೀಲಕ್ಕೆ ಹಾಕುತ್ತ, "ಪಾಪ, ಇವತ್ತಿಗೂ ಆ ಬೆಕ್ಕನ್ನ ಕೇಳಿಕೋತ ಕುಂತಿರಬೇಕು" ಎಂದರು.

"ಇಲ್ರಿ," ಎಂದೆ ನಾನು. "ಒಂದಿನ ಮಾಳಿಗಿ ಮ್ಯಾಲ ಬಿಸಲಾಗ ಮರತು ಬಂದ್ವಿ. ಪ್ಲೇಟು ಹಪ್ಪಳದಾಂಗ ಸೊಟ್ಟಾತು."

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆನೆಂದು. ಎಲ್ಲರೂ ನನ್ನ ಕಡೆ ತಿರುಗಿದರು. ಸುಮಂಗಲಾ ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ನೀವು ಕಿಡಕಿ ಬಾಜು ಕುಂತಿದ್ರಿ."

"ಹೌದ್ರಿ."

"ಅವತ್ತು ನಾ ಕೇಳಿದ್ದಕ್ಕ ನೀವು ಏನೂ ಹೇಳಲಿಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಕೇಳುವಾಗಿನ ಸಮಾಧಾನ ಇತ್ತು. "ಯಾವುದು ಛಲೋ ಅನಿಸಿತ್ತು ನಿಮಗ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ಪಿರಿಯಡ್ಡಿನಲ್ಲಿ ನನಗೆ ಯಾವ ಕ್ಲಾಸೂ ಇರಲಿಲ್ಲ. ಆದರೂ ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು, ಎಲ್ಲರಿಗಿಂತ ಮೊದಲು ಎದ್ದು ಮಳೆಯಲ್ಲಿ ಹೊರಗೆ ನಡೆದೆ.